ತಡೆರಹಿತ ಅಯ್ಯಪ್ಪ

ಅಯ್ಯಪ್ಪ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಆದರೆ ಗಟ್ಟಿತನವೆಂಬುದು ಇಲ್ಲದ ಮನುಷ್ಯ. ಐವತ್ತಮೂರು ವರ್ಷಗಳ ಬಾಳಿನಲ್ಲಿ ಅವನು ಯಾರಿಗೂ, ಯಾವುದಕ್ಕೂ, ಒಮ್ಮೆಯೂ ನೆಟ್ಟಗೆ ‘ಬ್ಯಾಡ’ ಎಂದವನಲ್ಲ. ಇದು ಅವನ ಹೆಂಡತಿ ದೇವಿಕಾಳ ತೀರ್ಪು. ರೋಣದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಗಣಿತ ಕಲಿಸುತ್ತಿದ್ದ ಹೆಂಗಸು ಅವಳು. ಒಮ್ಮೆ ಅಂಕ ಕೊಟ್ಟ ಮೇಲೆ ಉತ್ತರಪತ್ರಿಕೆಯನ್ನು ಮತ್ತೆ ತೆರೆಯುವ ರೂಢಿ ಅವಳಿಗಿರಲಿಲ್ಲ.

‘ಬ್ಯಾಡ’ಕ್ಕೆ ನಮ್ಮ ಕಡೆ ಒಂದು ವ್ಯಾಕರಣವಿದೆ. ಊಟಕ್ಕೆ ಕುಳಿತವರು ಹೇಳುವ ಮೊದಲನೆಯ ‘ಬ್ಯಾಡ’ ಮರ್ಯಾದೆಯದು. ಅದರ ಅರ್ಥ ‘ಹಾಕ್ರಿ’ ಎಂದು. ಎರಡನೆಯದು ಸಂಕೋಚದ್ದು, ಅದರ ಅರ್ಥ ‘ಅರ್ಧ ಹಾಕ್ರಿ’ ಎಂದು. ಮೂರನೆಯದನ್ನು ಹೇಳುತ್ತ ಅಂಗೈಯನ್ನು ತಾಟಿನ ಮೇಲೆ ಅಡ್ಡ ಹಿಡಿದಾಗ ಮಾತ್ರ ಬಡಿಸುವವರು ಹಿಂದೆ ಸರಿಯುತ್ತಾರೆ. (ಅಂಗೈಯ ಮೇಲೆಯೇ ತುಪ್ಪ ಸುರಿದು ಹೋದವರೂ ಇದ್ದಾರೆ. ಆದರೆ ಅವರು ಬೀಗರು.) ಅಯ್ಯಪ್ಪ ಎರಡನೆಯ ‘ಬ್ಯಾಡ’ವನ್ನು ದಾಟಿದವನಲ್ಲ. ಅವನ ಅಂಗೈ ತಾಟಿಗೆ ಅಡ್ಡ ಬಂದದ್ದನ್ನು ಕಂಡವರು ಮೂರು ತಾಲೂಕಿನಲ್ಲಿ ಯಾರೂ ಇಲ್ಲ.

ಮೂರು ತಾಲೂಕು ಎಂದದ್ದು ಉತ್ಪ್ರೇಕ್ಷೆಯಲ್ಲ. ಅಯ್ಯಪ್ಪ ನರಗುಂದದಿಂದ ರೋಣದ ಮೇಲೆ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನ ಡ್ರೈವರ್. ಇಪ್ಪತ್ತಾರು ವರ್ಷ ಅದೇ ರಸ್ತೆ. ಯಾವಗಲ್ಲಿನಲ್ಲಿ ಯಾರಾದರೂ ಚಹಾ ಹಿಡಿದು ನಿಂತಿರುತ್ತಿದ್ದರು. ರೋಣದ ಸ್ಟ್ಯಾಂಡಿನಲ್ಲಿ ಮಿರ್ಚಿ-ಮಂಡಕ್ಕಿ ತಾನಾಗಿಯೇ ಖಿಡಕಿಗೆ ಏರುತ್ತಿತ್ತು. ಪುರ್ತಗೇರಿಯ ಮುದುಕಿಯೊಬ್ಬಳು ವಾರಕ್ಕೆರಡು ಸಲ ಶೇಂಗಾ ಉಂಡಿ ತಂದುಕೊಡುತ್ತಿದ್ದಳು. ಯಾರಿಗೂ ‘ಬ್ಯಾಡ’ ಎನ್ನದ ಕಾರಣ ಅವನ ಹೊಟ್ಟೆ ವರ್ಷದಿಂದ ವರ್ಷಕ್ಕೆ ಸ್ಟೀರಿಂಗಿನತ್ತ ಸಾಗಿ, ಕೊನೆಗೆ ಅದನ್ನು ಮುಟ್ಟಿತು. ದೊಡ್ಡ ತಿರುವು ಬಂದಾಗ ಹಾರ್ನ್ ತಾನೇ ಮೊಳಗುತ್ತಿತ್ತು. ಪ್ರಯಾಣಿಕರು ಅದನ್ನು ಅವನ ಜಾಗರೂಕತೆ ಎಂದು ತಿಳಿದಿದ್ದರು.

ದಸರೆಯ ಹೊತ್ತಿಗೆ ಡಾಕ್ಟರ್ ಯಾಸ್ಮಿನ ಅವನ ರಕ್ತ ಪರೀಕ್ಷೆಯ ಕಾಗದ ನೋಡಿ ಕನ್ನಡಕ ತೆಗೆದರು.

“ಅಯ್ಯಪ್ಪನವರ, ಸಕ್ಕರಿ ಬಾಗಲಿಗೆ ಬಂದು ನಿಂತೈತಿ. ಮೂರು ತಿಂಗಳಿಗೆ ನಿಮ್ಮ ಡ್ರೈವರ್ ಫಿಟ್‌ನೆಸ್ ಕಾಗದ ಬರೂದೈತಿ. ಅಷ್ಟರಾಗ ಆರು ಕಿಲೋ ಇಳಿಸ್ರಿ. ಇಲ್ಲಾಂದ್ರ ನಾ ಸಹಿ ಹಾಕೂದಿಲ್ಲ.”

“ಸಹಿ ಹಾಕಲಿಲ್ಲಾಂದ್ರ ಏನಾಕ್ಕೈತ್ರಿ?”

“ಸ್ಟೀರಿಂಗ್ ಬಿಡಿಸಿ ಡಿಪೋದಾಗ ಕುರ್ಚಿ ಕೊಡ್ತಾರ.”

ಸಕ್ಕರೆಯ ಮಾತಿಗೆ ಹೆದರದ ಅಯ್ಯಪ್ಪ ಕುರ್ಚಿಯ ಮಾತಿಗೆ ಹೆದರಿದ. ಮನೆಗೆ ಬರುವ ದಾರಿಯಲ್ಲಿ ಜೊತೆಗಿದ್ದ ಹೆಂಡತಿಗೆ ಒಂದೇ ಮಾತು ಹೇಳಿದ: “ದೇವಿಕಾ, ನನ್ನ ಕೈ ಕುರ್ಚಿ ಮ್ಯಾಲ ಹ್ಯಾಂಗ ಇಟ್ಕೊಂಡು ಕುಂದ್ರಲಿ?”

ದೇವಿಕಾ ಆ ಮಾತಿಗೆ ಕರಗಲಿಲ್ಲ, ಕಾರ್ಯಾಚರಣೆಗೆ ಇಳಿದಳು.

ಮೊದಲನೆಯದಾಗಿ ಅವನನ್ನು ಕಾಳು ವ್ಯಾಪಾರಿ ಅಕ್ಬರಸಾಬನ ಅಂಗಡಿಗೆ ಕರೆದೊಯ್ದಳು. ಅಲ್ಲಿಯದು ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಬೀಳುವ ತೂಕದ ಕಾಂಟಾ. “ಊರಾಗ ಸುಳ್ಳು ಹೇಳದ ವಸ್ತು ಇದೊಂದ,” ಎಂಬುದು ಅವಳ ನಂಬಿಕೆ. ಅಯ್ಯಪ್ಪ ಕಡಲೆ ಚೀಲಗಳ ನಡುವೆ ಏರಿ ನಿಂತ. ತೊಂಬತ್ನಾಲ್ಕು. ಗಂಡನಿಗೆ ಮಾದರಿಯಾಗಿರಲೆಂದು ದೇವಿಕಾಳೂ ಏರಿದಳು. ಅರವತ್ಮೂರು.

“ನೋಡ್ರಿ, ತೂಕದ ಮನಷ್ಯಾ ಅಂದ್ರ ಹಿಂಗಿರಬೇಕು,” ಎಂದಳು. ಆ ಮಾತನ್ನು ಅಕ್ಬರಸಾಬ ನೆನಪಿಟ್ಟುಕೊಂಡ.

ಮರುದಿನದಿಂದ ಎರಡು ಹೊತ್ತಿಗೂ ಎರಡೆರಡು ಜೋಳದ ರೊಟ್ಟಿ, ಮೇಲೆ ಮೂಲಂಗಿ, ಮೆಂತೆ, ಸವತಿಕಾಯಿಯ ಗುಡ್ಡೆ. ಮಿರ್ಚಿ ನಿಷೇಧ, ಉಂಡಿ ಗಡೀಪಾರು. ಆದರೆ ರೊಟ್ಟಿ ಬಡಿಯುವ ಕೈಗೆ ಇಪ್ಪತ್ತೈದು ವರ್ಷಗಳ ಎಣಿಕೆ ರೂಢಿಯಾಗಿಬಿಟ್ಟಿತ್ತು. ಅವನ ಎರಡು, ತನ್ನ ಎರಡು ಹೋಗಿ ಬುಟ್ಟಿಯಲ್ಲಿ ಪ್ರತಿ ಹೊತ್ತಿಗೂ ಮೂರು ಉಳಿಯುತ್ತಿದ್ದವು. ಅನ್ನ ಕೆಡಿಸುವುದು ಪಾಪ; ಆ ಪಾಪವನ್ನು ಅವಳು ಶೇಂಗಾ ಚಟ್ನಿಯೊಂದಿಗೆ ನಿವಾರಿಸುತ್ತಿದ್ದಳು. ಪುರ್ತಗೇರಿಯ ಉಂಡಿಗಳು ಡಬ್ಬಿಯಲ್ಲಿದ್ದರೆ ಅವನಿಗೆ ಆಸೆಯಾದೀತೆಂದು, ಆಸೆಯ ಸಮೂಲ ನಿರ್ಮೂಲನಕ್ಕಾಗಿ, ಅವನು ಡ್ಯೂಟಿಗೆ ಹೋದಾಗ ಒಂದೊಂದಾಗಿ ಅವನ್ನೂ ಮುಗಿಸಿದಳು. ಇದೆಲ್ಲ ಅವನ ಒಳ್ಳೆಯದಕ್ಕೇ.

ಎರಡನೆಯದಾಗಿ, ನಡಿಗೆ. ಬೆಳಗಿನ ಐದೂವರೆಗೆ ಅಬ್ಬಿಗೇರಿಯ ರಸ್ತೆ ಹಿಡಿದು ಮೂರು ಕಿಲೋಮೀಟರ್ ಹೋಗಬೇಕು, ಮೂರು ಕಿಲೋಮೀಟರ್ ಬರಬೇಕು. ಅಯ್ಯಪ್ಪ ತಕರಾರಿಲ್ಲದೆ ಹೊರಟ. ದಿನಾ ಆರೂವರೆಗೆ ನಗುಮುಖದಿಂದ ಮರಳಿದ. ಮೂರು ವಾರದ ನಂತರ ಕಾಂಟಾ ಏರಿದರೆ ತೊಂಬತ್ನಾಲ್ಕೂವರೆ.

“ಅಕ್ಕೋರ, ಬೆವತಾರ,” ಎಂದ ಅಕ್ಬರಸಾಬ ಸಮಾಧಾನಕ್ಕೆ. “ಮಾಲು ಹಸಿ ಐತಿ. ಒಣಗಿಸಿದ್ರ ಅರ್ಧಾ ಕಿಲೋ ಕಡಿಮಿ ಆದೀತು.”

ದೇವಿಕಾಳಿಗೆ ಈ ಲೆಕ್ಕ ಸರಿಬರಲಿಲ್ಲ. ಆ ಸಂಜೆ ಅಯ್ಯಪ್ಪನ ಬಸ್ಸಿನ ಕಂಡಕ್ಟರ್ ರಾಯಣ್ಣ ಟಿಕೆಟ್ ಮಶೀನಿನ ಚೀಲ ಹೆಗಲಿಗೇರಿಸಿ ಮನೆಗೆ ಬಂದಿದ್ದ. ಅವನು ಅಬ್ಬಿಗೇರಿಯವನು, ಮುಂಜಾನೆಯ ಮೊದಲ ಬಸ್ಸಿಗೆ ರೋಣಕ್ಕೆ ಬಂದು ಡ್ಯೂಟಿ ಹಿಡಿಯುತ್ತಿದ್ದ.

“ರಾಯಣ್ಣ, ನೀವು ಬರೂ ಹೊತ್ತಿಗೆ ಇವರು ದಾರ‍್ಯಾಗ ನಡೀತಿರ್ತಾರಲ್ಲ, ನೋಡೀರೇನು?”

“ನೋಡೂದೇನ್ರಿ ವೈನಿ, ದಿನಾ ನನ್ನ ಬಾಜೂಕ ಕುಂತ ಬರ್ತಾರಲ್ರಿ!”

ಅಯ್ಯಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಬಹಳ ಆಸಕ್ತಿ ತೋರಿಸತೊಡಗಿದ.

“ಏನ್ರಿ ಇದು?”

“ನಾ ಏನ್ ಮಾಡ್ಲಿ? ಡ್ರೈವರ್ ನಡಕೊಂತ ಹೊಂಟಾನಂದ್ರ ಬಸ್ ನಿಂದರಸ್ತಾರ. ‘ಹತ್ತ್ರಿ ಅಣ್ಣಾರ’ ಅಂತಾರ. ನಾನೂ ‘ಬ್ಯಾಡ’ ಅಂದೆ.”

“ಎಷ್ಟು ಸಲ?”

“ಎರಡು ಸಲ.”

“ಮೂರನೇದ್ದು?”

“ಅಷ್ಟರಾಗ ಬಾಗಲಾ ತಗದಿದ್ರು.”

ಹೋಗುವಾಗ ಒಂದು ಬಸ್ಸು, ಬರುವಾಗ ಒಂದು. ನಡುವೆ ಅಬ್ಬಿಗೇರಿಯಲ್ಲಿ ಚಹಾ, ಜೊತೆಗೆ ಬಿಸಿ ಬಜಿ. ಅಯ್ಯಪ್ಪನ ಮುಂಜಾನೆಯ ವ್ಯಾಯಾಮದಲ್ಲಿ ದುಡಿದ ಅವಯವ ದವಡೆಯೊಂದೇ.

ದೇವಿಕಾ ದಾರಿ ಬದಲಿಸಿದಳು. ಎರೆಹೊಲದ ಬಂಡಿಜಾಡಿನಲ್ಲಿ ನಡೆಯಬೇಕು. ಅಲ್ಲಿಗೆ ಯಾವ ಬಸ್ಸೂ ಬರುವುದಿಲ್ಲ. ನಾಲ್ಕನೆಯ ದಿನವೇ ಅವನು ರೈತ ಮದರಸಾಬನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಹಾರಾಜನಂತೆ ಕುಳಿತು ಓಣಿಗೆ ಬಂದಿಳಿದ.

“ನಿಮ್ಮ ಕೈಲೆ ಆಗೂದಿಲ್ರಿ,” ಎಂದಳು ದೇವಿಕಾ ಬಾಗಿಲಲ್ಲೇ ನಿಂತು. “ಹೋಗ್ರಿ, ಕುರ್ಚಿಗೊಂದು ದಿಂಬು ಹೊಲಸಿ ಇಟ್ಕೊಳ್ರಿ.”

ಅಯ್ಯಪ್ಪ ಅವಳು ಕೊಟ್ಟ ಮೂಲಂಗಿಯನ್ನು ಕರಕರ ಅಗಿದು ತಿಂದ. ಆಮೇಲೆ ಅವಳ ಮೇಜಿನ ಮೇಲಿದ್ದ ಕೆಂಪು ಮಾರ್ಕರ್ ಕೇಳಿ ಇಸಿದುಕೊಂಡ. ಯಾಕೆಂದು ಅವಳು ಕೇಳಲಿಲ್ಲ.

ಮರುದಿನ ಶಾಲೆಯಲ್ಲಿ ಮಕ್ಕಳು ಅವಳನ್ನು ನೋಡಿ ಕಿಸಕ್ಕನೆ ನಕ್ಕವು. ಶಿಕ್ಷಕರ ಕೋಣೆಯಲ್ಲಿ ಅವಳು ಕಾಲಿಟ್ಟೊಡನೆ ಮಾತು ನಿಂತಿತು. ಕೊನೆಗೆ ಗೆಳತಿ ಫರ್ಜಾನಾ ಮೊಬೈಲು ತೋರಿಸಿದಳು. ಚಿತ್ರದಲ್ಲಿ ಅಬ್ಬಿಗೇರಿಯ ರಸ್ತೆ. ರಸ್ತೆಯ ಅಂಚಿನಲ್ಲಿ ಅಯ್ಯಪ್ಪ. ಎದೆಯ ಮೇಲೊಂದು, ಬೆನ್ನ ಮೇಲೊಂದು ರಟ್ಟಿನ ಬೋರ್ಡು. ಎರಡರ ಮೇಲೂ ಕೆಂಪು ಅಕ್ಷರಗಳಲ್ಲಿ:

ತಡೆರಹಿತ
ರೋಣ – ಅಬ್ಬಿಗೇರಿ – ರೋಣ

ಸಂಜೆ ಅವಳು ಮನೆಯಲ್ಲಿ ಸಿಡಿದಳು. “ಊರ ಮಂದಿ ಮುಂದ ನನ್ನ ಮಾನಾ ಕಳದ್ರಿ! ಬಸ್ಸಿಗೆ ಹಾಕೂ ಬೋರ್ಡು ಮನಷ್ಯಾ ಹಾಕ್ಕೋತಾನೇನ್ರಿ?”

“ಹಾಕ್ಕೊಂಡಿದ್ದಕ್ಕ ಒಬ್ರೂ ನಿಂದರಸಲಿಲ್ಲ ನೋಡು,” ಎಂದ ಅಯ್ಯಪ್ಪ. “ತಡೆರಹಿತ ಗಾಡೀನ ನಡುವ ನಿಂದರಸಬಾರದು ಅನ್ನೂದು ಎಲ್ಲಾ ಡ್ರೈವರಿಗೂ ಗೊತ್ತೈತಿ. ಹಾರ್ನ್ ಹೊಡದು ಸೈಡ್ ಕೊಟ್ಟು ಹೋದ್ರು. ಚಹಾದಂಗಡ್ಯಾಂವ ಕರದಾ, ಬೋರ್ಡು ತೋರಿಸಿದೆ. ಸುಮ್ಮನಾದ.”

“ಬಾಯಿಲೆ ‘ಬ್ಯಾಡ’ ಅನ್ನಾಕ ಆಗದಾಂವ ರಟ್ಟಿನ ಕಡೆಯಿಂದ ಅನ್ನಿಸಿದ್ರಿ!”

“ರಟ್ಟಿಗೆ ಸಂಕೋಚ ಇರೂದಿಲ್ಲಲ್ಲ,” ಎಂದ ಅವನು.

ತೀರ್ಪು ಬದಲಾಗಲಿಲ್ಲ. ಬದಲಿಗೆ ದೇವಿಕಾಳಿಗೆ ಅದಕ್ಕೊಂದು ಹೊಸ ಪುರಾವೆ ಸಿಕ್ಕಂತಾಯಿತು. ಆದರೆ ತಡೆರಹಿತ ಗಾಡಿ ಮಾತ್ರ ದಿನವೂ ಓಡಿತು. ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಓಡಿತು, ಮಂಜಿನಲ್ಲಿ ಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಓಡಿತು. ಬಸ್ಸಿನ ಖಿಡಕಿಯಿಂದ ಯಾರಾದರೂ “ಇವತ್ತ ರೈಟ್ ಟೈಮ್ ಐತೇನ್ರಿ ಗಾಡಿ?” ಎಂದರೆ ಅಯ್ಯಪ್ಪ ಕೈ ಎತ್ತಿ “ಎರಡು ನಿಮಿಷ ಮೊದಲ ಐತ್ರಿ!” ಎನ್ನುತ್ತಿದ್ದ. ಡ್ಯೂಟಿಯ ಮೇಲೆ ಅವನು ಬೋರ್ಡನ್ನು ಖಿಡಕಿಗೆ ಸಿಕ್ಕಿಸಿಡತೊಡಗಿದ. ಯಾವಗಲ್ಲಿನ ಚಹಾ, ರೋಣದ ಮಿರ್ಚಿ ಎರಡೂ ಅಲ್ಲೇ ನಿಂತವು. ಪುರ್ತಗೇರಿಯ ಮುದುಕಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಉಂಡಿ ಮಾತ್ರ ಬರುತ್ತಲೇ ಇದ್ದವು. ಅವನು ಒಂದನ್ನೂ ಮುಟ್ಟದೆ ತಂದು ದೇವಿಕಾಳ ಕೈಗೆ ಒಪ್ಪಿಸುತ್ತಿದ್ದ. ನಿರ್ಮೂಲನ ಕಾರ್ಯ ಅವಳ ಇಲಾಖೆಯದು.

ಒಂದು ದಿನ ಅವನು ಓಡೋಡಿ ಮನೆಗೆ ಬಂದ. “ದೇವಿಕಾ! ಇವತ್ತ ಗಜೇಂದ್ರಗಡದ ತಿರುವಿನ್ಯಾಗ ಹಾರ್ನ್ ಆಗಲಿಲ್ಲ!”

ಎಳ್ಳು ಅಮಾವಾಸ್ಯೆಯ ಹಿಂದಿನ ದಿನ ಡಾಕ್ಟರ್ ಯಾಸ್ಮಿನ ಸಹಿ ಹಾಕಿದರು. ಸಕ್ಕರೆ ಬಾಗಿಲಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಿತ್ತು. ಗೆಲುವನ್ನು ಮುದ್ರೆಬಿದ್ದ ಕಾಂಟಾದ ಮೇಲೂ ನೋಡಬೇಕೆಂದು ದೇವಿಕಾ ಗಂಡನನ್ನು ಅಕ್ಬರಸಾಬನ ಅಂಗಡಿಗೆ ಕರೆದೊಯ್ದಳು. ಎಂಬತ್ತೇಳೂವರೆ. ಆರೂವರೆ ಕಿಲೋ ಇಳಿದಿತ್ತು.

“ನಾ ರೊಟ್ಟಿ ಎಣಿಸಿ ಇಟ್ಟಿದ್ದಕ್ಕ ಆತು,” ಎಂದಳು ದೇವಿಕಾ ಸುತ್ತಲಿನವರಿಗೆಲ್ಲ ಕೇಳುವಂತೆ.

“ಹೌದ್ರಿ ಅಕ್ಕೋರ,” ಎಂದ ಅಕ್ಬರಸಾಬ. “ಈಗ ತೂಕದ ಮನಷ್ಯಾರು ಹತ್ತ್ರಿ.”

ಅವಳು ಹತ್ತಿದಳು. ಅರವತ್ತೆಂಟು.

ಅಯ್ಯಪ್ಪ ತುಟಿ ಬಿಗಿಹಿಡಿದು ಸೂರು ನೋಡಿದ. ಗಣಿತದ ಹೆಂಗಸು ತಾನು ಬೇಡವೆಂದರೂ ಲೆಕ್ಕ ಹಾಕಿಬಿಟ್ಟಳು: ಆರೂವರೆಯಲ್ಲಿ ಐದು ಕಳೆದರೆ ಒಂದೂವರೆ. ಮೂರು ತಿಂಗಳ ಮಹಾಸಂಗ್ರಾಮದಲ್ಲಿ ಮನೆಯಿಂದ ನಿಜವಾಗಿ ಹೊರಗೆ ಹೋದದ್ದು ಒಂದೂವರೆ ಕಿಲೋ. ಉಳಿದದ್ದೆಲ್ಲ ಒಬ್ಬರಿಂದ ಒಬ್ಬರಿಗೆ ವರ್ಗವಾಗಿತ್ತು.

“ಕಾಂಟಾ ಕೆಟ್ಟೈತಿ,” ಎಂದಳು ದೇವಿಕಾ.

“ಮೊನ್ನೇನ ಮುದ್ರಿ ಬಿದ್ದೈತ್ರಿ,” ಎಂದ ಅಕ್ಬರಸಾಬ.

“ಹಂಗಾದ್ರ ನನ್ನ ಸೀರಿ ಭಾರ ಐತಿ.”

ದಾರಿಯುದ್ದಕ್ಕೂ ಅಯ್ಯಪ್ಪ ಒಂದು ಮಾತನ್ನೂ ಆಡಲಿಲ್ಲ. ದೇವಿಕಾಳಿಗೆ ಅದು ನಗುವುದಕ್ಕಿಂತ ಕೆಟ್ಟದಾಗಿ ತೋರಿತು. ಮನೆಯ ಮೆಟ್ಟಿಲು ಏರುವಾಗ ಅವಳು ಮೊಣಕಾಲಿನ ಮೇಲೆ ಕೈಯಿಟ್ಟದ್ದನ್ನು ಅವನು ನೋಡಿದ.

ಮರುದಿನ ಎಳ್ಳಮಾಸಿಯ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಅನ್ನ, ಚೆಲ್ಲಲು ರಾಯಣ್ಣನ ಹೊಲಕ್ಕೆ ಇಬ್ಬರಿಗೂ ಕರೆಯಿತ್ತು. ಎದೆಯೆತ್ತರದ ಜೋಳ, ಹೂಬಿಟ್ಟ ಕುಸುಬೆ, ನಡುವೆ ಜಮಖಾನೆ. ಭೂಮಿಗೆ ಚರಗ ಚೆಲ್ಲಿದ ಮೇಲೆ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಕಡಬು. ಕೊನೆಗೆ ರಾಯಣ್ಣನ ತಾಯಿ ಕಳಕವ್ವ ಶೇಂಗಾ ಹೋಳಿಗೆಯ ಬುಟ್ಟಿ ಹಿಡಿದು ಬಂದಳು. ಮೂರು ಓಣಿಗೆ ಹೆಸರಾದ ಕೈ ಅವಳದು. ತಾಟು ನೋಡಿ ಬಡಿಸುವವಳಲ್ಲ. ಮನುಷ್ಯನನ್ನು ನೋಡಿ ಬಡಿಸುವವಳು.

ದೇವಿಕಾ ಗಂಡನ ತಾಟಿನ ಮೇಲೆ ಕಣ್ಣಿಟ್ಟಳು. ಅವನು ಮೊದಲ ‘ಬ್ಯಾಡ’ಕ್ಕೇ ಸೋಲುತ್ತಾನೆಂದು ಅವಳಿಗೆ ಖಾತ್ರಿಯಿತ್ತು. ಬೋರ್ಡು ಬೇರೆ ಮನೆಯಲ್ಲಿತ್ತು.

ಆದರೆ ಕಳಕವ್ವ ಮೊದಲು ನಿಂತದ್ದು ಅವಳ ಮುಂದೆ. ತುಪ್ಪ ಸುರಿಯುವ ಎರಡು ಹೋಳಿಗೆ ಕೈಯಲ್ಲಿದ್ದವು.

“ಬ್ಯಾಡ್ರಿ ಯವ್ವಾ,” ಎಂದಳು ದೇವಿಕಾ, ತಾಟನ್ನು ಒಂದಿಷ್ಟು ಮುಂದೆ ಸರಿಸುತ್ತ.

ಆಗ ಪಕ್ಕದಿಂದ ಒಂದು ಅಗಲವಾದ ಕೈ ಬಂದಿತು. ಇಪ್ಪತ್ತಾರು ವರ್ಷ ಸ್ಟೀರಿಂಗ್ ಹಿಡಿದು ಬೆರಳ ಬುಡಕ್ಕೆಲ್ಲ ಗಟ್ಟಿ ಕಟ್ಟಿದ ಕೈ. ಅದು ದೇವಿಕಾಳ ತಾಟಿನ ಮೇಲೆ ಅಂಗೈ ಚಾಚಿ ಅಡ್ಡ ನಿಂತಿತು.

“ಬ್ಯಾಡಂದ್ರ ಬ್ಯಾಡ್ರಿ ಯವ್ವಾ,” ಎಂದ ಅಯ್ಯಪ್ಪ. ಧ್ವನಿ ಸಣ್ಣದಾಗಿತ್ತು, ಕೈ ಅಲುಗಲಿಲ್ಲ. “ನಾಳಿಂದ ಆಕಿನೂ ನನ್ನ ಜೋಡಿ ನಡ್ಯಾಕ ಬರ್ತಾಳ. ಇನ್ನೆರಡು ಬೋರ್ಡು ಬರದಿಟ್ಟೇನಿ.”

ಕಳಕವ್ವ ಒಂದು ಗಳಿಗೆ ಆ ಕೈಯನ್ನು ನೋಡಿ, ಹೋಳಿಗೆಯನ್ನು ಬುಟ್ಟಿಗೆ ಹಾಕಿ ಮುಂದಿನ ತಾಟಿಗೆ ನಡೆದಳು.

ದೇವಿಕಾ ದೂರ ಸರಿಯುತ್ತಿದ್ದ ಬುಟ್ಟಿಯನ್ನೇ ನೋಡಿದಳು. ಅವಳು ಹೇಳಿದ್ದು ಮೊದಲನೆಯ ‘ಬ್ಯಾಡ’ವಾಗಿತ್ತು.