ರೊಟ್ಟಿ ಮುಟ್ಟದ ಗೈಡ್

ನನ್ನ ಮೈದುನನಷ್ಟು ಸುಳ್ಳು ಹೇಳುವ ಗಂಡಸು ಕಲ್ಯಾಣದಿಂದ ಠಾಣೆಯವರೆಗೆ ಇನ್ನೊಬ್ಬನಿಲ್ಲ. ಇದ್ದರೆ ಕರೆತನ್ನಿ, ಅವನಿಗೂ ಎರಡು ಜೋಳದ ರೊಟ್ಟಿ ಹಾಕುತ್ತೇನೆ. ಅವನಾದರೂ ತಿಂದಾನು! ಈತ ಮಾತ್ರ ಮೂರು ವರ್ಷದಿಂದ ನನ್ನ ರೊಟ್ಟಿ ಮುಟ್ಟಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ರೈಲ್ವೆ ಕೆಲಸದಿಂದ ನಿವೃತ್ತನಾದವನು ಸುಮ್ಮನೆ ಮನೆಯಲ್ಲಿ ಕೂರಬೇಕೋ ಬೇಡವೋ? ಭಾನುವಾರ ಬಂತೆಂದರೆ ಜನರನ್ನು ಕೂಡಿಸಿಕೊಂಡು ಹಳೇ ಕಲ್ಯಾಣದ ಗಲ್ಲಿಗಳಲ್ಲಿ ನಡೆಸುತ್ತಾನೆ, ತಿನ್ನಿಸುತ್ತಾನೆ. ‘ಫುಡ್ ವಾಕ್’ ಅಂತೆ! ಐರೋಲಿ, ಕಾಮೋಠೆಯಿಂದ ನಮ್ಮ ಕನ್ನಡದವರೇ ಬೂಟು ಹಾಕಿಕೊಂಡು ಬರುತ್ತಾರೆ. ಐವತ್ತು ವರ್ಷ ಇದೇ ಗಲ್ಲಿಯಲ್ಲಿ ನಡೆದವಳು ನಾನು. ನನಗೆ ಯಾವ ಮಹಾನುಭಾವನೂ ಮುಂದೆ ನಿಂತು ಬಾಯಿ ಎಲ್ಲಿದೆ ಎಂದು ತೋರಿಸಲಿಲ್ಲ!

ಹಿಂಡು ಚದುರಬಾರದೆಂದು ಆತ ಎತ್ತಿ ಹಿಡಿಯುವುದು ನನ್ನ ಉದ್ದನೆಯ ಸೌಟನ್ನು. ಇಲ್ಲಿ ಒಲೆಯ ಮೇಲೆ ಬೇಳೆ ಉಕ್ಕುತ್ತಿರುತ್ತದೆ, ಅಲ್ಲಿ ನನ್ನ ಸೌಟು ಸಮುದ್ರದ ನೀರು ಒಳಬರುವ ಖಾಡಿಯ ದಂಡೆಯಲ್ಲಿ ಇತಿಹಾಸ ಹೇಳುತ್ತಿರುತ್ತದೆ. ಒಂದು ದಿನ ಅದನ್ನು ಕಸಿದುಕೊಂಡು ಬರಲು ಹೋದೆ. ಈತ ಸಾಲಾಗಿ ನಿಂತ ಸ್ಕೂಟರುಗಳನ್ನು ತೋರಿಸಿ, “ಹಿಂದಕ ಇಲ್ಲೇ ಹಡಗದಾಗಿಂದ ಅರಬರ ಕುದುರಿ ಇಳೀತಿದ್ದವು ನೋಡ್ರಿ” ಎನ್ನುತ್ತಿದ್ದ.

ಬೆಂಗಳೂರು ಕಡೆಯವರೊಬ್ಬರು, “ನೀವು ನೋಡಿದೀರಾ ಸರ್?” ಎಂದರು.

“ನಾ ಎಲ್ಲಿ ನೋಡ್ಲಿ? ಅಗೋ, ನಮ್ಮ ವೈನಿ ನೋಡ್ಯಾಳ!”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಒಬ್ಬ ಫೋಟೊ ಬೇರೆ ತೆಗೆದ! ನಾನೇನು ಕೋಟೆಯ ಬುರುಜೇ?

ದಾರಿಯುದ್ದಕ್ಕೂ ಬಟಾಟೆ ವಡೆ, ಮಿಸಳ್, ಬೇಕರಿಯ ನಾನ್‌ಖಟಾಯಿ. ಎಲ್ಲೆಲ್ಲೂ ಮೊದಲ ತುತ್ತು ಈತನದೇ. ಕಟ್ಟಕಡೆಗೆ ನನ್ನ ಬಾಗಿಲು. ನಾನು ರೊಟ್ಟಿ ಬಡಿದು ಮಾರುವವಳು. ಜೊತೆಗೆ ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ.

“ಇದು ಸಾತವಾಹನರ ಕಾಲದ ರೊಟ್ಟಿ!” ಎಂದು ಈತ ಸೌಟು ಎತ್ತುತ್ತಾನೆ.

“ಏ ಸುಳ್ಳಬುರುಕ, ಮುಂಜಾನೆ ಐದಕ್ಕ ಬಡಿದದ್ದದು!”

ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿಯೊಬ್ಬಳು, “ಆಜಿ, ಯೇ ಹಾಥ್ ಸೇ ಬನಾಯಾ?” ಎಂದಳು. ಮತ್ತೇನು, ಕಾಲಿಂದ ಬಡೀತಾರೇನವ್ವ?

ಎಲ್ಲರೂ ಚಪ್ಪರಿಸಿ ತಿನ್ನುತ್ತಾರೆ. ಈತ ಮಾತ್ರ ಒಂದು ತಂಬಿಗೆ ನೀರು ಕುಡಿದು ಪಕ್ಕಕ್ಕೆ ನಿಲ್ಲುತ್ತಾನೆ! ಕೇಳಿದರೆ “ಹೊಟ್ಟಿ ತುಂಬೇದ” ಎನ್ನುತ್ತಾನೆ. ನಮ್ಮ ಕಡೆ ಬಾಗಿಲಿಗೆ ಬಂದು ಬರೀ ನೀರು ಕುಡಿದು ಹೋಗುವುದೆಂದರೆ ಹಗೆತನ. ನಾನು ಮದುವೆಯಾಗಿ ಬಂದಾಗ ಚಡ್ಡಿ ಹಾಕುತ್ತಿದ್ದವನು, ನನ್ನ ಕೈಯ ರೊಟ್ಟಿ ತಿಂದೇ ಮೀಸೆ ಬರಿಸಿಕೊಂಡವನು! ನನ್ನ ಬಾಯಿ ಜೋರು, ಒಪ್ಪುತ್ತೇನೆ. ಆದರೆ ಅನ್ನದ ಮೇಲೆ ಯಾಕೆ ಸಿಟ್ಟು?

ಹೋದ ಭಾನುವಾರ ತಡೆಯಲಾಗಲಿಲ್ಲ. ಹತ್ತು ಜನರ ಎದುರಿಗೇ ರೊಟ್ಟಿ ಬುಟ್ಟಿಯನ್ನು ಒಳಗೆ ಎಳೆದುಕೊಂಡೆ.

“ಮೊದಲು ನೀ ಒಂದು ತುತ್ತು ತಿನ್ನು. ಇಲ್ಲಾಂದ್ರ ಇವತ್ತ ಯಾರಿಗೂ ನೀಡಂಗಿಲ್ಲ. ಇನ್ನ ಈ ಹೊಸ್ತಿಲಾನೂ ತುಳೀಬ್ಯಾಡ!”

ಬಂದವರು ನಕ್ಕರು. ಈತ ನಗಲಿಲ್ಲ. ಇತಿಹಾಸವೆಲ್ಲ ಬತ್ತಿಹೋದವನಂತೆ ಸೌಟನ್ನು ಕೆಳಗಿಳಿಸಿದ.

“ತಿನ್ನಾಕ ಬರಂಗಿಲ್ಲ ವೈನಿ. ಅದನ್ನ ಕಾಶ್ಯಾಗ ಬಿಟ್ಟು ಬಂದೀನಿ.”

ಕಾಶಿಗೆ ಹೋದವರು ಏನಾದರೊಂದು ತಿನಿಸು ಬಿಟ್ಟು ಬರುವುದು ರೂಢಿ. ಜಾಣರು ತಮಗೆ ಸೇರದ್ದನ್ನು ಬಿಡುತ್ತಾರೆ.

“ಮಂದಿ ಹಾಗಲಕಾಯಿ ಬಿಡ್ತಾರ. ಜ್ವಾಳದ ರೊಟ್ಟಿ ಯಾರ ಬಿಡ್ತಾರೋ ಹುಚ್ಚಪ್ಪ?”

“ಭಾಳ ಪ್ರೀತಿದ್ದನ್ನ ಬಿಟ್ರ ಬೇಡಿದ್ದು ಆಗ್ತದ ಅಂದ್ರು. ಮೂರು ವರ್ಷದ ಹಿಂದ ನೀ ದವಾಖಾನ್ಯಾಗ ಕಣ್ಣ ತೆರೀದ ಮಲಗಿದ್ದಿ. ಡಾಕ್ಟರ್ ಕೈ ಚೆಲ್ಲಿದ್ರು. ಹೇಳಿದ್ರ ಫಲ ಹೋಗ್ತದಂತ ಇಷ್ಟು ದಿನ ಹೇಳಿರ್ಲಿಲ್ಲ.”

ಬುಟ್ಟಿಯ ಅಂಚು ಹಿಡಿದುಕೊಂಡೇ ಕೇಳಿದೆ: “ಮತ್ತ ವಾರಾ ವಾರಾ ಮಂದೀನ ಯಾಕ ಹೊಡಕೊಂಡು ಬರ್ತಿ?”

“ನನಗಂತೂ ಇಲ್ಲ. ತಿನ್ನೋರ ಮಾರಿನಾರ ನೋಡೂಣು ಅಂತ.”

ಬುಟ್ಟಿಯನ್ನು ಬಂದವರ ಮುಂದಕ್ಕೆ ನೂಕಿದೆ. ಕಣ್ಣೀರು ಹಾಕುತ್ತ ಕೂರುವ ಹೆಂಗಸಲ್ಲ ನಾನು. ದೇವರ ಕೂಡ ಮಾಡಿದ ಕರಾರೇ ಆದರೂ ಸರಿಯಾಗಿ ಕೇಳಿ ತಿಳಿದುಕೊಳ್ಳಬೇಕು.

“ಸಜ್ಜಿ ರೊಟ್ಟಿನೂ ಬಿಟ್ಟಿಯೇನು?”

ಆತ ತಲೆ ಕೆರೆದುಕೊಂಡ. “ಇಲ್ಲ. ಅದರ ಹೆಸರ ತಗೊಂಡಿಲ್ಲ.”

“ಹಂಗಾದ್ರ ಕೂಡು.”

ಸಜ್ಜೆ ಹಿಟ್ಟಿನ ಡಬ್ಬಿ ತೆಗೆದೆ. ಬಡಿಯುವಾಗ ರೊಟ್ಟಿಯ ಅಂಚು ಒಡೆಯಿತು. ಬಿಸಿಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಆತನ ಮುಂದಿಟ್ಟೆ. ಒಂದು ತುತ್ತು ಮುರಿದು ಬಾಯಿಗಿಟ್ಟ, ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ.

“ದಪ್ಪ ಆಗೇದ ವೈನಿ” ಎಂದ.

ನಾನು ಇನ್ನೊಂದು ಬಡಿದೆ, ತೆಳ್ಳಗೆ.