ಎಡಗೈ ಕಸಿ

ಆ ದಿನದ ಫಜೀತಿಗೆಲ್ಲ ಕಾರಣ ಉಗುರಿನಷ್ಟು ಅಗಲದ ಒಂದು ಚಿಗುರು. ಗುಮಾಸ್ತನ ಮನೆಯ ಕಿಟಕಿಯಲ್ಲಿದ್ದ ಗುಲಾಬಿ ಕುಂಡದಲ್ಲಿ, ಮಂಜು ಹಿಡಿದ ಪ್ಲಾಸ್ಟಿಕ್ ಚೀಲದೊಳಗೆ, ಅದು ಕೆಂಪಗೆ ಕಣ್ಣು ಬಿಟ್ಟಿತ್ತು.

ಗುಮಾಸ್ತ ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಕಾಡುಗುಲಾಬಿಯ ಬುಡಕ್ಕೆ ಒಳ್ಳೆಯ ಜಾತಿಯ ಕಡ್ಡಿ ಸೇರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟಿದರೆ ಎರಡೂ ಒಂದೇ ಮೈಯಾಗುತ್ತವೆ ಎಂದು ತೋಟಗಾರಿಕೆ ತರಬೇತಿ ಕೇಂದ್ರದಲ್ಲಿ ಕೇಳಿ ಕೇಳಿ ತಲೆಯಾಡಿಸಿದ್ದ. ತನ್ನ ಮನೆಯಲ್ಲೇ ಅದನ್ನು ಕಣ್ಣಾರೆ ನೋಡಿದಾಗ ಮೈ ಜುಮ್ಮೆಂದಿತು.

ಅವನು ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನವನು. ಊರಿನ ನಲ್ಲಿಗಳ ಗೋಳು ಕೇಳಿ ಕೇಳಿ ಕಿವಿ ಸೋತಿತ್ತು. ತರಬೇತಿಯಲ್ಲಿ ಗೆದ್ದ ಒಬ್ಬರಿಗೆ ಉದ್ಯಾನದ ನರ್ಸರಿಯಲ್ಲಿ ಕೆಲಸವೆಂದು ಗೊತ್ತಾದಾಗಿನಿಂದ ಅವನಿಗೆ ಅದೇ ಧ್ಯಾನ. ಗಿಡಗಳು ದೂರು ಹೇಳುವುದಿಲ್ಲವಲ್ಲ. ಕೇಂದ್ರದಲ್ಲಿ ಕಲಿಯಲು ಬೇಕಾದಷ್ಟಿತ್ತು. ಅಣಬೆ ಬೇಸಾಯ ಎಂದಾಗ ಹೆಂಡತಿ, "ಮಂಚದ ಕೆಳಗೆ ಬೂಷ್ಟು ಬೆಳೆಸ್ತೀರಾ?" ಎಂದಳು. ಜೇನು ಸಾಕಣೆ ಎಂದಾಗ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಸೊಳ್ಳೆಪರದೆ ಹೊದ್ದುಕೊಂಡೇ ಜಗಳಕ್ಕೆ ಬಂದರು. ಡಿಪ್ಲೊಮಾಗೆ ವಯಸ್ಸು ಮೀರಿತ್ತು. ಉಳಿದದ್ದು ಕಸಿ. ಅದರ ಪರೀಕ್ಷೆ ಇವತ್ತೇ. ಸ್ವಂತ ಕೈಯಿಂದ ಕಸಿ ಕಟ್ಟಿ, ಜೀವ ಹಿಡಿದ ಗಿಡವನ್ನು ತೋರಿಸಬೇಕು.

"ನೋಡೇ, ಬದುಕಿದೆ," ಎಂದ.

"ಬದುಕತ್ತೆ ಅಂತ ನಾನು ಹೇಳ್ಲಿಲ್ವಾ," ಎಂದಳು ಹೆಂಡತಿ, ಅವನ ಮುಖ ನೋಡದೆ.

ಸುದ್ದಿ ತಿಳಿದು ಮೇಷ್ಟ್ರು ಇಳಿದು ಬಂದರು. ಪಕ್ಕದ ಮನೆಯ ಹೊಲಿಗೆ ಅಕ್ಕ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದರು. ಎಲ್ಲರೂ ಎಳೆಗೂಸನ್ನು ನೋಡುವವರಂತೆ ಬಗ್ಗಿ ನಿಂತರು.

"ಕತ್ತರಿಸಿದ್ದು ಮತ್ತೆ ಕೂಡತ್ತೆ ಅಂದ್ರೆ," ಎಂದರು ಅಕ್ಕ ಮೆಲ್ಲಗೆ, "ಹೊಲಿಗೆ ಇಲ್ಲದೇನೇ."

ಗುಮಾಸ್ತ ಬಸ್ಸಿನಲ್ಲಿ ಕುಂಡವನ್ನು ಎದೆಗವಚಿಕೊಂಡು ನಿಂತ. ಯಾರದೋ ಮೊಣಕೈ ಅವನ ಮೂಗಿಗೆ ಬಡಿಯಿತು, ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಚಿಗುರಿಗೆ ಏನೂ ಆಗಲಿಲ್ಲವೆಂದು ಕುಂಟುತ್ತಾ ಖುಷಿಯಾಗಿ ಇಳಿದ.

ಕೇಂದ್ರದ ತರಬೇತುದಾರರು ಚೀಲ ಬಿಚ್ಚಿ, ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದರು.

"ಎಂಥಾ ಕೈ," ಎಂದರು. "ಪಟ್ಟಿ ಕೆಳಗಿಂದ ಮೇಲಕ್ಕೆ, ಒಂದರ ಮೇಲೊಂದು ಕೂತಿದೆ. ತೊಟ್ಟು ನೀರು ಒಳಗಿಳಿಯಲ್ಲ. ಹೀಗೆ ಕಟ್ಟೋರನ್ನ ನನ್ನ ಜೀವಮಾನದಲ್ಲಿ ಒಬ್ಬರನ್ನೇ ನೋಡಿದೀನಿ."

"ಯಾರು ಸಾರ್ ಅವರು?"

"ನಾನೇ. ಈ ಪಟ್ಟಿ ಬಲಗೈಯವರು ಸುತ್ತಿದ್ದು ಕಣ್ರೀ, ನೀವು ಎಡಚರು. ಹೋದ ವಾರ ನಮ್ಮ ಮಾರಾಟದ ಕಟ್ಟೆಯಲ್ಲಿ ಒಬ್ಬರು ಹೆಣ್ಣುಮಕ್ಕಳು ಇದನ್ನ ಕೊಂಡುಕೊಂಡು ಹೋದರು. ಮನೆಯವರ ಕಡ್ಡಿ ಕಪ್ಪಾಗಿದೆ, ಅವರು ಸರಿಯಾಗಿ ಊಟ ಮಾಡ್ತಿಲ್ಲ ಅಂತ ಅಂದ್ರು."

ಗುಮಾಸ್ತನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವನ ಮುಖ ನೋಡಿ ತರಬೇತುದಾರರಿಗೆ ಕನಿಕರ ಬಂತು. "ಸಂಜೆ ಬಾಗಿಲು ಹಾಕೋದ್ರೊಳಗೆ ನಿಮ್ಮ ಗಿಡಾನೇ ತನ್ನಿ. ಚೂರು ಹಸಿರಿದ್ರೂ ಸಾಕು. ನಿಮ್ಮ ಎಡಗೈ ಸುತ್ತು ಕಂಡ್ರೆ ಪಾಸು ಮಾಡ್ತೀನಿ, ನರ್ಸರಿಗೂ ಹೇಳ್ತೀನಿ."

ಅವನು ಮನೆಯ ಬಾಗಿಲಲ್ಲೇ ಕೂಗಿದ. "ನನ್ನ ಕಡ್ಡಿ ಎಲ್ಲೇ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ದಿನಾ ಅದರ ಮುಂದೆ ಕೂತ್ಕೊಂಡು ಸೊರಗೋದನ್ನ ನೋಡಕ್ಕಾಗ್ಲಿಲ್ಲ ರೀ. ಎಸೀರಿ ಅಂತ ಮೇಷ್ಟ್ರಿಗೆ ಕೊಟ್ಟೆ."

"ಎಸೆಯೋಕೆ ಮನಸ್ಸು ಬರ್ಲಿಲ್ಲಪ್ಪಾ," ಎಂದರು ಕೂಗು ಕೇಳಿ ಹೊಲಿಗೆ ಅಕ್ಕನ ಜೊತೆ ಬಂದ ಮೇಷ್ಟ್ರು. "ನಮ್ಮ ಬಚ್ಚಲುಮನೆ ಕಿಟಕೀಲಿ ಇಟ್ಟಿದೀನಿ."

ಎಲ್ಲರೂ ಮೆಟ್ಟಿಲು ಹತ್ತಿ ಓಡಿದರು. ಬಚ್ಚಲಿನ ಬಿಸಿ ಹಬೆಯಲ್ಲಿ, ಒಡೆದ ಬಕೆಟ್ಟಿನೊಳಗೆ, ಆ ಕಪ್ಪು ಕಡ್ಡಿಯ ಪಕ್ಕೆಯಿಂದ ಚಿಗುರು ಹೊರಟಿತ್ತು. ಒಂದಲ್ಲ, ಗೊಂಚಲು. ಗುಮಾಸ್ತನ ಈ ಎರಡು ಕೈಗಳು, ಬರೀ ಸೀಲು ಒತ್ತಿ ಸವೆದ ಕೈಗಳು, ಎರಡು ಜೀವಗಳನ್ನು ಒಂದು ಮಾಡಿದ್ದವು. ಅವನ ಕಣ್ಣು ತುಂಬಿತು. ಆಮೇಲೆ ಆ ಕಣ್ಣು ಕಸಿಯ ಗಂಟಿನ ಮೇಲೆ ಬಿತ್ತು.

ಪ್ಲಾಸ್ಟಿಕ್ ಪಟ್ಟಿ ಇರಲಿಲ್ಲ. ಅದರ ಜಾಗದಲ್ಲಿ ಹೊಸ ಬಟ್ಟೆಪಟ್ಟಿ ಸುತ್ತಿ, ತುದಿಗೆ ಸಣ್ಣ ಕಾಜಾ ಹೊಲಿಗೆ ಹಾಕಿತ್ತು.

"ಬೆಳಿಗ್ಗೆ ಆ ಗಿಡ ನೋಡಿದ್ಮೇಲೆ ತಡ್ಕೊಳಕ್ಕಾಗ್ಲಿಲ್ಲ," ಎಂದರು ಹೊಲಿಗೆ ಅಕ್ಕ ನಾಚಿಕೊಂಡು. "ಮೇಷ್ಟ್ರು ಇದನ್ನ ತೋರಿಸಿದ್ರು. ಪಾಪ, ಎಡಬಿಡಂಗಿಯಾಗಿ ಸುತ್ತಿತ್ತು. ಬಿಚ್ಚಿ, ಹಳೇ ಪಟ್ಟಿ ಕಸಕ್ಕೆ ಹಾಕಿ, ನೀಟಾಗಿ ಕಟ್ಟಿದೆ. ಕಸದ ಗಾಡಿನೂ ಬಂದು ಹೋಯ್ತು."

ಆದರೂ ಗುಮಾಸ್ತ ಬಕೆಟ್ಟು ಹೊತ್ತು ಓಡಿದ. ತರಬೇತುದಾರರು ಭೂತಗನ್ನಡಿ ಹಿಡಿದರು. ಈ ಸಲ ಬೆಳಿಗ್ಗೆಗಿಂತ ಹೆಚ್ಚು ಹೊತ್ತು ನೋಡಿದರು.

"ನಿಮ್ಮ ಎಡಗೈ ಸುತ್ತೇ ಇಲ್ಲವಲ್ಲ, ನಿಮ್ಮನ್ನ ಪಾಸು ಮಾಡಕ್ಕಾಗಲ್ಲ," ಎಂದರು. "ಆದ್ರೆ ಇದನ್ನ ಕಟ್ಟಿದವರು ಯಾರು? ಅವರ ಕೈ ನನ್ನ ಕೈಗಿಂತ ಮೇಲು."

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಗುಮಾಸ್ತ ಎಂದಿನಂತೆ ಕೌಂಟರಿನ ಕಿಂಡಿ ತೆರೆದ. ಸಾಲಿನಲ್ಲಿ ಮೊದಲು ನಿಂತಿದ್ದವರು ಹೊಲಿಗೆ ಅಕ್ಕ. ಮೈಮೇಲೆ ಉದ್ಯಾನದ ನರ್ಸರಿಯ ಹಸಿರು ಅಂಗಿ, ಕಂಕುಳಲ್ಲಿ ಆ ಒಡೆದ ಬಕೆಟ್ಟು.

"ನಮ್ಮ ನರ್ಸರಿ ನಲ್ಲೀಲಿ ನೀರೇ ಬರ್ತಿಲ್ಲ, ದೂರು ಬರ್ಕೊಳ್ಳಿ," ಎಂದರು. ಆಮೇಲೆ ದನಿ ತಗ್ಗಿಸಿ ಬಕೆಟ್ಟನ್ನು ಕಿಂಡಿಯ ಹತ್ತಿರ ತಂದರು. "ನಿಮ್ಮ ಗಿಡ. ಹೂ ಬಿಟ್ಟಿದೆ ನೋಡಿ."

ಗುಮಾಸ್ತ ಪೆನ್ನು ಕೆಳಗಿಟ್ಟು ನೋಡತೊಡಗಿದ. ಸಾಲು ಬಾಗಿಲು ದಾಟಿ ಬೀದಿಯವರೆಗೆ ಬೆಳೆಯಿತು. ಹಿಂದಿನಿಂದ ಯಾರೋ, ಈ ಕೌಂಟರಿನವನ ಮೇಲೆ ದೂರು ಕೊಡೋದು ಎಲ್ಲಿ ಎಂದು ಕೇಳುತ್ತಿದ್ದರು.