ಗೂಗಿಗುಡ್ಡಕ್ಕೆ ಡಿಕ್ಕಿ ಹೊಡೆಯುವ ಕುರಿತು

ಪಂಪಾ ಕಾಲ್ಪನಿಕ ವಿಮಾನಯಾನ ಸಂಸ್ಥೆ
ತರಬೇತಿ ಮತ್ತು ಕೌಶಲಾಭಿವೃದ್ಧಿ ವಿಭಾಗ
ಟೈರ್ ಅಂಗಡಿಯ ಮೇಲ್ಮಹಡಿ, ಹೊಸಪೇಟೆ

ಸಂಖ್ಯೆ: ತಕೌವಿ/ಗೂಗು/ಡಿಕ್ಕಿ/07/2009-10
ದಿನಾಂಕ: 18-11-2009

ಸುತ್ತೋಲೆ

ವಿಷಯ: ಕಂಪ್ಯೂಟರ್ ಪರದೆಯ ಮೇಲೆ ವಿಮಾನ ಹಾರಿಸುವ ತರಬೇತಿ ಪೈಲಟ್‌ಗಳಲ್ಲಿ ಗೂಗಿಗುಡ್ಡಕ್ಕೆ ಡಿಕ್ಕಿ ಹೊಡೆಯುವ ಕೌಶಲವನ್ನು ಬೆಳೆಸುವ ಬಗ್ಗೆ, ಮತ್ತು ಅದರಿಂದ ಉಂಟಾದ ಪರಿಸ್ಥಿತಿಯ ಬಗ್ಗೆ.

ಓದಲಾಗಿದೆ:
(1) ಕುಮಾರಿ ಪಲ್ಲವಿಯವರ ಕ್ಯಾಪ್ಟನ್ ಪರೀಕ್ಷೆಯ ಅಪಘಾತ ವರದಿ.
(2) ಮಾನ್ಯ ಅಧ್ಯಕ್ಷರು ಹೆಲಿಕಾಪ್ಟರ್ ಹತ್ತುವ ಮುನ್ನ ನೀಡಿದ ಮೌಖಿಕ ಆದೇಶ.
(3) ಶ್ರೀಮತಿ ಸುಂಕಲಮ್ಮ ಮತ್ತು ಗೂಗಿಗುಡ್ಡ ಹಟ್ಟಿಯ ನಿವಾಸಿಗಳು ಗಣಿ ತನಿಖಾ ತಂಡಕ್ಕೆ ಸಲ್ಲಿಸಿದ ಅರ್ಜಿ.

ಪ್ರಸ್ತಾವನೆ:

ಈ ಸಂಸ್ಥೆಯು ವಿಮಾನವೊಂದನ್ನು ಬಿಟ್ಟು ವಿಮಾನಯಾನ ಸಂಸ್ಥೆಗೆ ಬೇಕಾದ ಸಕಲವನ್ನೂ ಹೊಂದಿರುತ್ತದೆ. ಪೈಲಟ್‌ಗಳಿದ್ದಾರೆ, ಟೋಪಿಗಳಿವೆ, ವೇಳಾಪಟ್ಟಿ ಇದೆ, ಎಂಟು ಕಂಪ್ಯೂಟರುಗಳಿವೆ. ವಿಮಾನಗಳು ಪರದೆಯ ಮೇಲೆ ಏರುತ್ತವೆ, ಪರದೆಯ ಮೇಲೆಯೇ ಇಳಿಯುತ್ತವೆ. ಅದಿರಿನಲ್ಲಿ ಏಳಿಗೆ ಕಂಡ ಮಾನ್ಯ ಅಧ್ಯಕ್ಷರು ಹೋದ ವರ್ಷ ಹೆಲಿಕಾಪ್ಟರ್ ಕೊಂಡಿದ್ದು, ಮುಂದೆ ನಿಜವಾದ ವಿಮಾನ ಕಂಪನಿಯನ್ನೇ ತೆಗೆಯುವವರಿದ್ದಾರೆ. ಅಲ್ಲಿಯವರೆಗೆ ಪೈಲಟ್‌ಗಳ ಕೈ ಪಳಗಿರಲಿ ಎಂಬುದು ಅವರ ದೂರದೃಷ್ಟಿ. ಕ್ಯಾಪ್ಟನ್ ಪರೀಕ್ಷೆಯಲ್ಲಿ ಮೊದಲು ತೇರ್ಗಡೆಯಾದವರನ್ನು ಸಂಸ್ಥೆಯ ಖರ್ಚಿನಲ್ಲಿ ನಿಜವಾದ ವಿಮಾನ ಶಾಲೆಗೆ ಕಳುಹಿಸುವುದಾಗಿ ಉದ್ಘಾಟನೆಯ ದಿನ ಮೈಕಿನಲ್ಲಿ ಘೋಷಿಸಿರುತ್ತಾರೆ.

ಆ ಘೋಷಣೆಯನ್ನು ನಿಜವಾಗಿ ನಂಬಿದವರು ಕುಮಾರಿ ಪಲ್ಲವಿ ಒಬ್ಬರೇ. ಸಂಡೂರು ಕಡೆಯ ಗೂಗಿಗುಡ್ಡ ಹಟ್ಟಿಯವರು. ಡಿಪ್ಲೊಮಾ ಮುಗಿಸಿ, ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಳ್ಳುವ ಬಸ್ಸಿನಲ್ಲಿ ದಿನವೂ ಬಂದು ಕಲಿತವರು. ಅವರು ವಿಮಾನ ಇಳಿಸಿದರೆ ಮೇಜಿನ ಮೇಲಿನ ಚಹಾ ಕೂಡ ತುಳುಕುವುದಿಲ್ಲವೆಂದು ಜೊತೆಯವರು ಹೊಗಳುತ್ತಾರೆ. ಯಾರು ಇಳಿಸಿದರೂ ಸದರಿ ಚಹಾ ತುಳುಕುವುದಿಲ್ಲ ಎಂಬುದನ್ನು ವಿಭಾಗವು ಗಮನಿಸಿದೆ. ಆದರೂ ಹೊಗಳಿಕೆ ಸರಿಯಾದದ್ದೇ.

ಬಳ್ಳಾರಿಯಿಂದ ಹೊರಟು, ಕಂಪ್ಲಿಯ ಅಕ್ಕಿ ಗಿರಣಿಗಳ ಮೇಲೆ ಹಾದು, ಅಣೆಕಟ್ಟಿನ ಬಳಿ ತಿರುಗಿ, ಸಂಡೂರಿನ ಗುಡ್ಡಗಳ ನಡುವೆ ವಾಪಸಾಗುವುದು ಪರೀಕ್ಷೆಯ ದಾರಿ. ಅಂದು ಪರದೆಯ ತುಂಬ ಮೋಡ ಕವಿದಿತ್ತು. ಪಲ್ಲವಿಯವರು ಸ್ವಂತ ಊರಿನ ದಾರಿ ಹಿಡಿದವರಂತೆ ನೆಟ್ಟಗೆ ಹೋಗಿ ಗೂಗಿಗುಡ್ಡಕ್ಕೆ ಡಿಕ್ಕಿ ಹೊಡೆದರು. ಕಾರಣ ಕೇಳಲಾಗಿ ಅವರು ನೀಡಿದ ಹೇಳಿಕೆ ಯಥಾವತ್ತು ಹೀಗಿದೆ: "ಅಲ್ಲಿ ಗುಡ್ಡ ಇಲ್ರಿ ಸರ. ದಿನಾ ಬಸ್ಸಿನಾಗ ನೋಡ್ತೀನ್ರಿ, ಬರೇ ಆಕಾಶ ಐತಿ. ಕಂಪ್ಯೂಟರಿನಾಗ ಇನ್ನಾ ಐತಿ ಅಂತ ನನಗೇನ್ ಗೊತ್ರಿ?" ಕಂಪ್ಯೂಟರಿನಲ್ಲಿರುವ ನಕ್ಷೆಯು ಗಣಿ ಭರಾಟೆಗಿಂತ ಹಳೆಯದು. ಅದಕ್ಕೆ ಲಾರಿಗಳ ಸುದ್ದಿ ಇನ್ನೂ ತಲುಪಿರುವುದಿಲ್ಲ.

ವರದಿ ಓದಿ ಮಾನ್ಯ ಅಧ್ಯಕ್ಷರು ಬೈಯುವರೆಂದು ವಿಭಾಗವು ಹೆದರಿತ್ತು. ಅವರು ಲಡ್ಡು ತರಿಸಿದರು. ಗೂಗಿಗುಡ್ಡವನ್ನು ಬುಡಸಮೇತ ಅಗೆದು ಸಾಗಿಸಲಾಗಿದೆಯೇ ಎಂದು ವಿಚಾರಿಸಲು ತನಿಖಾ ತಂಡವೊಂದು ಬರಲಿದ್ದ ಸಮಯವದು. ಅಧ್ಯಕ್ಷರ ಆದೇಶ: "ಗುಡ್ಡ ಇಲ್ಲಂದ್ರ ಹುಡುಗಿ ಯಾವುದಕ್ಕ ಗುದ್ದಿದ್ಲು ಹೇಳ್ರಿ? ಇದಕ್ಕಿಂತ ಸಾಕ್ಷಿ ಬೇಕೇನ್ರಿ? ಗುಡ್ಡದ ಕಾಗದ ಎಷ್ಟಾಗತಾವ ಅಷ್ಟೂ ತಂಡಕ್ಕ ಕಳಸ್ರಿ. ನನ್ನ ಕೇಳಾಕ ಬರಬ್ಯಾಡ್ರಿ."

ಮೇಲ್ಕಂಡ ಆದೇಶದ ಮೇರೆಗೆ ಈ ತಿಂಗಳ ಮೊದಲಿನಿಂದ ಜಾರಿಯಲ್ಲಿರುವ ನಿಯಮಗಳನ್ನು, ಅರ್ಥವಾಗಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿರುವ ಪೈಲಟ್‌ಗಳ ಅನುಕೂಲಕ್ಕಾಗಿ ಇಲ್ಲಿ ಮತ್ತೊಮ್ಮೆ ಪ್ರಕಟಿಸಲಾಗಿದೆ.

1. ಗೂಗಿಗುಡ್ಡವು ತನ್ನ ಸ್ಥಳದಲ್ಲಿಯೇ ಇದೆ ಎಂದು ಸಕಲ ಪೈಲಟ್‌ಗಳೂ ಭಾವಿಸತಕ್ಕದ್ದು. ಬಸ್ಸಿನ ಕಿಟಕಿಯಿಂದ ಕಣ್ಣಾರೆ ಕಂಡದ್ದನ್ನು ಪರದೆಯಲ್ಲಿ ಕಂಡದ್ದಕ್ಕಿಂತ ಮೇಲೆಂದು ಪರಿಗಣಿಸುವುದನ್ನು ಅಶಿಸ್ತು ಎನ್ನಲಾಗುವುದು.

2. ಪ್ರತಿಯೊಬ್ಬ ಪೈಲಟ್ ವಾರಕ್ಕೊಮ್ಮೆಯಾದರೂ ಸದರಿ ಗುಡ್ಡಕ್ಕೆ ಡಿಕ್ಕಿ ಹೊಡೆದು ಸಹಿ ಹಾಕತಕ್ಕದ್ದು. ಗುಡ್ಡವನ್ನು ತಪ್ಪಿಸಿ ಸುರಕ್ಷಿತವಾಗಿ ಇಳಿದವರನ್ನು ಅನುತ್ತೀರ್ಣರೆಂದು ಘೋಷಿಸಿ ಮರುತರಬೇತಿಗೆ ಒಳಪಡಿಸಲಾಗುವುದು. ಈ ಮೊದಲು ಟಿಪ್ಪರ್ ಓಡಿಸುತ್ತಿದ್ದ ತರಬೇತಿ ಪೈಲಟ್ ಶ್ರೀ ಹೊನ್ನೂರಪ್ಪನವರು ಗುಡ್ಡ ಹತ್ತಿರ ಬಂದ ಕೂಡಲೇ ಬ್ರೇಕ್ ಹುಡುಕುತ್ತಾರೆ, ಹಾರ್ನ್ ಹುಡುಕುತ್ತಾರೆ, ಎರಡೂ ಸಿಗದೆ ಗುಡ್ಡವನ್ನು ಸುತ್ತುಬಳಸಿ ಹೋಗುತ್ತಾರೆ. ಸಮಜಾಯಿಷಿ ಕೇಳಲಾಗಿ, "ಭಾಳ ವರ್ಷ ಗಾಡಿ ಹೊಡದೀನ್ರಿ, ಬೇಕಂತ ಯಾವುದಕ್ಕೂ ಗುದ್ದಿಲ್ರಿ. ಕೈ ಬರವಲ್ದು" ಎಂದಿದ್ದಾರೆ. ಅವರಿಗೆ ವಿಶೇಷ ತರಗತಿ ನಡೆಸಲಾಗುತ್ತಿದ್ದು, ಪ್ರಗತಿ ಶೂನ್ಯ.

3. ಹಾರಾಟದ ನಡುವೆ ಕರೆಂಟು ಹೋದಲ್ಲಿ ವಿಮಾನವು ಆಕಾಶದಲ್ಲಿ ನಿಂತಿದೆ ಎಂದು ತಿಳಿಯತಕ್ಕದ್ದು. ಕರೆಂಟು ಬರುವವರೆಗೆ ಪೈಲಟ್‌ಗಳು ಕೆಳಗಿಳಿದು ಮಿರ್ಚಿ ತಿಂದು ಬರಬಹುದು, ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಡಿಕ್ಕಿ ಹೊಡೆಯಬೇಕೆಂದು ಮನಸ್ಸು ಮಾಡಿದ ನಂತರ ಕರೆಂಟು ಹೋಗಿದ್ದರೆ ಡಿಕ್ಕಿ ಆಗಿದೆ ಎಂದೇ ದಾಖಲಿಸಲಾಗುವುದು.

4. ಡಿಕ್ಕಿಗೆ ಮುನ್ನ ಕಾಲ್ಪನಿಕ ಪ್ರಯಾಣಿಕರಿಗೆ ಸೌಜನ್ಯದಿಂದ ಪ್ರಕಟಣೆ ನೀಡತಕ್ಕದ್ದು: ಒಂದು ಕಿಟಕಿಯಲ್ಲಿ ಹಂಪಿ, ಇನ್ನೊಂದರಲ್ಲಿ ಅಣೆಕಟ್ಟು, ಎದುರಿಗೆ ಗೂಗಿಗುಡ್ಡ. ಗುಡ್ಡವನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುವಂತೆ ಕೋರತಕ್ಕದ್ದು.

5. ಇಂಟರ್‌ನೆಟ್ಟಿನ ಮೂಲಕ ನಮ್ಮ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಣಾಧಿಕಾರಿಯು ಬೆಲ್ಜಿಯಂ ದೇಶದ ಪಿಂಚಣಿದಾರರೆಂದು ತಿಳಿದುಬಂದಿದೆ. ಒಂದೇ ಕಂಪನಿಯ ವಿಮಾನಗಳೆಲ್ಲ ಒಂದೇ ಗುಡ್ಡಕ್ಕೆ ಸರದಿಯಲ್ಲಿ ಏಕೆ ಬೀಳುತ್ತಿವೆ ಎಂದು ಕೇಳಿ ಅವರು ಸಂತಾಪ ಸೂಚಿಸಿದ್ದಾರೆ. ಇದು ಸ್ಥಳೀಯ ಪದ್ಧತಿ ಎಂದು ಉತ್ತರಿಸತಕ್ಕದ್ದು.

6. ಅಂಗಡಿಗಳಲ್ಲಿ ದೊರೆಯುವ ಹೊಸ ನಕ್ಷೆಯ ಸಿಡಿಗಳಲ್ಲಿ ಗೂಗಿಗುಡ್ಡದ ಜಾಗದಲ್ಲಿ ದೊಡ್ಡ ಗುಂಡಿ ಕಾಣುತ್ತದೆಂಬ ದೂರುಗಳಿವೆ. ಅಂಥ ಸಿಡಿಗಳನ್ನು ಸಂಸ್ಥೆಯೊಳಗೆ ತರುವುದನ್ನು ನಿಷೇಧಿಸಲಾಗಿದೆ. ಹಾಗೆಯೇ, ಪರದೆಯ ಮೇಲೆ ಕೂತ ಕೆಂಪು ದೂಳನ್ನು ಒರೆಸುವಾಗ ಅದು ಗೂಗಿಗುಡ್ಡದ್ದೆಂದು ಯಾರೂ ಅನ್ನಕೂಡದು. ಗುಡ್ಡವು ಸ್ಥಳದಲ್ಲಿಯೇ ಇರುವುದರಿಂದ ಅದರ ದೂಳು ಇಲ್ಲಿಗೆ ಬರುವುದು ಅಸಾಧ್ಯ.

7. ಆದೇಶದಂತೆ ಹೊಡೆದ ಡಿಕ್ಕಿಗಳು ರಾಶಿ ಬಿದ್ದಿದ್ದರೂ, ಯಾರೂ ಹೇಳದೆ ತಾನಾಗಿ ಆದ ಡಿಕ್ಕಿ ಪಲ್ಲವಿಯವರದು ಮಾತ್ರ. ತನಿಖಾ ತಂಡ ನಂಬುವುದಿದ್ದರೆ ಅದನ್ನೇ. ಆದ್ದರಿಂದ, "ಗೂಗಿಗುಡ್ಡವು ಇರುತ್ತದೆ, ನಾನು ಅದಕ್ಕೇ ಡಿಕ್ಕಿ ಹೊಡೆದಿರುತ್ತೇನೆ" ಎಂಬ ದೃಢೀಕರಣಕ್ಕೆ ಅವರು ಸಹಿ ಮಾಡತಕ್ಕದ್ದು. ಸಹಿ ಮಾಡಿದ ದಿನವೇ ಕ್ಯಾಪ್ಟನ್ ಪದವಿ, ಸಂಕ್ರಾಂತಿ ಕಳೆದ ಕೂಡಲೇ ವಿಮಾನ ಶಾಲೆ. ಮಾಡದಿದ್ದಲ್ಲಿ ಪರೀಕ್ಷೆಯಲ್ಲಿ ಅನುತ್ತೀರ್ಣ, ಹೆಸರು ವಜಾ.

8. ಇಲ್ಲಿ ಒಂದು ತೊಡಕಿದೆ. ಅರ್ಜಿದಾರರಾದ ಸುಂಕಲಮ್ಮನವರು ಪಲ್ಲವಿಯವರ ಅಜ್ಜಿ. ಗುಡ್ಡ ಹೋಯಿತು, ಅದರೊಂದಿಗೆ ಹಟ್ಟಿಯ ನೀರೂ ಕುರಿಗಳ ಮೇವೂ ಹೋದವು, ನ್ಯಾಯ ಕೊಡಿಸಿ ಎಂಬುದು ಅರ್ಜಿ. ಮೊಮ್ಮಗಳೇ ಗುಡ್ಡ ಇದೆ ಎಂದು ಬರೆದುಕೊಟ್ಟರೆ ಅಜ್ಜಿಯ ಅರ್ಜಿ ಅಲ್ಲಿಗೆ ಮುಗಿಯಿತು. ಪಲ್ಲವಿಯವರು ಕಾಗದವನ್ನು ಓದಿ ಮೇಜಿನ ಮೇಲಿಟ್ಟರು. "ಸಹಿ ಹಾಕಿದ್ರ ನಾ ಮ್ಯಾಲ ಹಾರ್ತೀನ್ರಿ. ಆಮ್ಯಾಲ ಕೆಳಗ ನೋಡಬೇಕಲ್ರಿ?" ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು. ಕಾರಣ ದೂಳು ಎಂದು ನಮೂದಿಸಲಾಗಿದೆ. ಹಾಗೆ ನಮೂದಿಸಿದ್ದಕ್ಕೆ ಈ ಕೆಳಗೆ ಸಹಿ ಮಾಡಿರುವ ತರಬೇತಿ ಅಧಿಕಾರಿಗೆ ಆ ರಾತ್ರಿ ಊಟ ಸೇರಲಿಲ್ಲ.

9. ಸದರಿ ತರಬೇತಿ ಅಧಿಕಾರಿಯು ವಿಮಾನದಲ್ಲಿ ಎಂದೂ ಕೂತವರಲ್ಲ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಾಗದ ಚೆನ್ನಾಗಿ ಬರೆಯುತ್ತಾರೆಂಬ ಒಂದೇ ಕಾರಣಕ್ಕೆ ಇಲ್ಲಿ ನೇಮಕಗೊಂಡವರು. ಹೊಲವಾಗಲಿ, ಬಾವಿಯಾಗಲಿ, ಗುಡ್ಡವಾಗಲಿ, ಇಂಥದ್ದೇ ಎಂದು ದೃಢೀಕರಿಸುವ ಮೊದಲು ಅದನ್ನು ಬಲ್ಲ ಸ್ಥಳೀಯರಿಂದ ಗುರುತು ಹಿಡಿಸಿ ಪಂಚನಾಮೆ ಬರೆಯಬೇಕೆಂಬುದು ಅವರು ಜೀವಮಾನವಿಡೀ ಪಾಲಿಸಿದ ಕ್ರಮ. ಗುಡ್ಡ ಪರದೆಯೊಳಗಿದೆ ಎಂಬ ಮಾತ್ರಕ್ಕೆ ಕ್ರಮ ತಪ್ಪಿಸಲು ಬರುವುದಿಲ್ಲ. ಗೂಗಿಗುಡ್ಡವನ್ನು ಬಲ್ಲವರು ಯಾರೆಂದು ವಿಚಾರಿಸಲಾಗಿ ಎಲ್ಲರೂ ಒಂದೇ ಹೆಸರು ಹೇಳಿದ್ದರಿಂದ, ಸುಂಕಲಮ್ಮನವರಿಗೆ ಹಾಜರಾಗಲು ತಿಳಿವಳಿಕೆ ನೀಡಲಾಯಿತು.

10. ಸುಂಕಲಮ್ಮನವರು ನಿನ್ನೆ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರು. ತಿರುಗುವ ಕುರ್ಚಿ ತಿರುಗಿದ್ದರಿಂದ ಅದಕ್ಕೆ ಎರಡು ಮಾತು ಬೈದು, ಮೇಜು ಹಿಡಿದು ಕೂತರು. ಪಲ್ಲವಿಯವರು ವಿಮಾನ ಏರಿಸಿದರು. ಮೋಡವಿರಲಿಲ್ಲ. ಅಣೆಕಟ್ಟು ಕಂಡಾಗ ಸುಂಕಲಮ್ಮನವರು ಕೈಮುಗಿದರು. ಗೂಗಿಗುಡ್ಡ ಎದುರಾದಾಗ ಪಲ್ಲವಿಯವರು ಮೆಲ್ಲಗೆ ಅದರ ಸುತ್ತ ಹೋದರು, ಮತ್ತೊಮ್ಮೆ ಹೋದರು. ತರಬೇತಿ ಪೈಲಟ್‌ಗಳೆಲ್ಲ ಹಿಂದೆ ಬಂದು ನಿಂತಿದ್ದರು. ಅಜ್ಜಿ ಅಳುತ್ತಾರೆಂದು ಎಲ್ಲರೂ ಕಾದಿದ್ದರೆಂದು ತೋರುತ್ತದೆ. ಅವರು ಅಳಲಿಲ್ಲ. ಹೇಳಿಕೆ ಯಥಾವತ್ತು: "ಇದ್ಯಾವ ಗುಡ್ಡರಿ? ಬರೇ ಹಸಿರು ಬಣ್ಣ ಬಳದೀರಿ. ನಮ್ ಗುಡ್ಡದಾಗ ನೀರಿತ್ತು, ಬ್ಯಾಸಿಗ್ಯಾಗೂ ಬತ್ತತಿರ್ಲಿಲ್ಲ. ಹೊತ್ತು ಮುಳುಗಿದ್ರ ಗೂಗಿ ಕೂಗತಿದ್ವು. ನಾ ಅಲ್ಲೇ ಮ್ಯಾಲ ಈಕಿ ಅವ್ವನ್ನ ಹಡದೀನಿ. ಇದು ನಮ್ದಲ್ಲ ಬಿಡ್ರಿ. ನಮ್ದು ಲಾರ‍್ಯಾಗ ಹೋತು, ಹಡಗ ಹತ್ತಿತು ಅಂತಾರ."

ಪಲ್ಲವಿಯವರು ಪರದೆಯಿಂದ ಕಣ್ಣು ತೆಗೆಯದೆ, "ಹಂಗಾರ ನಾ ಗುದ್ದಿದ್ದು ಯಾವುದಕ್ಕಜ್ಜಿ?" ಎಂದು ಕೇಳಿದರು. "ಯಾವುದಕ್ಕೂ ಅಲ್ಲ. ನಿಂದೇನ್ ತಪ್ಪಿಲ್ಲ, ಸುಮ್ಮನ ವಿಮಾನ ಹೊಡಿ" ಎಂದು ಅಜ್ಜಿ ಉತ್ತರಿಸಿದರು. ಅನಂತರ ವಿಮಾನವನ್ನು ಬಳ್ಳಾರಿಯಲ್ಲಿ ಇಳಿಸಲಾಯಿತು. ಪಂಚರಾಗಿ ನಿಂತ ಪೈಲಟ್‌ಗಳು ಪಂಚನಾಮೆಗೆ ಸಹಿ ಮಾಡಿರುತ್ತಾರೆ. ಮೊದಲು ಸಹಿ ಮಾಡಿದವರು ಹೊನ್ನೂರಪ್ಪನವರು.

ಆದೇಶ:

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಪರದೆಯಲ್ಲಿರುವ ಗುಡ್ಡವು ಗೂಗಿಗುಡ್ಡವೆಂದು ಅದನ್ನು ಬಲ್ಲವರು ಗುರುತಿಸದ ಕಾರಣ, ಇದುವರೆಗಿನ ಸಮಸ್ತ ಡಿಕ್ಕಿಗಳೂ ಹೆಸರಿಲ್ಲದ ಗುಡ್ಡಕ್ಕೆ ಹೊಡೆದವೆಂದು ತೀರ್ಮಾನಿಸಿ, ಈ ಮುಂದಿನಂತೆ ಆದೇಶಿಸಲಾಗಿದೆ.

ಅ) ನಿಯಮ 1ರಿಂದ 7ರವರೆಗಿನ ಎಲ್ಲವನ್ನೂ ಈ ಕ್ಷಣದಿಂದ ರದ್ದುಪಡಿಸಲಾಗಿದೆ. ಬರುವ ವಿಮಾನಗಳು ಇಳಿಯಲಿ.

ಆ) ನಿನ್ನೆ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದ್ದರಿಂದ ಕುಮಾರಿ ಪಲ್ಲವಿಯವರನ್ನು ಕ್ಯಾಪ್ಟನ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಗೊಳಿಸಲಾಗಿದೆ. ಹೆಗಲಿನ ಪಟ್ಟಿಗಳನ್ನು ನಿನ್ನೆಯೇ ಕೊಡಲಾಗಿದೆ. ಈ ಪಟ್ಟಿಗಳಿಂದ ಯಾವ ನಿಜವಾದ ವಿಮಾನದ ಬಾಗಿಲೂ ತೆರೆಯದು ಎಂಬುದು ವಿಭಾಗಕ್ಕೆ ಗೊತ್ತಿದೆ, ಅವರಿಗೂ ಗೊತ್ತಿದೆ. ಮೈಕಿನಲ್ಲಿ ಹೇಳಿದ ಮಾತಿನಂತೆ ಅವರನ್ನು ಶಾಲೆಗೆ ಕಳುಹಿಸುವುದು ಮಾನ್ಯ ಅಧ್ಯಕ್ಷರ ಹೊಣೆ. ಈ ಬಗ್ಗೆ ವಿಭಾಗಕ್ಕೆ ಹೆಚ್ಚಿನ ಆಸೆಯಿಲ್ಲ, ಸಂಕಟವಿದೆ.

ಇ) ಗೂಗಿಗುಡ್ಡವು ಹೊರಗೂ ಇಲ್ಲ, ಕಂಪ್ಯೂಟರಿನೊಳಗೂ ಇಲ್ಲ ಎಂದು ಇದರಿಂದ ಸ್ಥಿರಪಟ್ಟಿದೆ. ಆ ಕಡೆಯ ಗಣಿ ಗುತ್ತಿಗೆ ಮಾನ್ಯ ಅಧ್ಯಕ್ಷರ ಹೆಸರಿನಲ್ಲಿಯೇ ಇರುವುದರಿಂದ, ಸದರಿ ಗುಡ್ಡವು ಎಲ್ಲಿದೆ ಎಂಬುದನ್ನು ಅವರು ಏಳು ದಿನಗಳೊಳಗಾಗಿ ಲಿಖಿತವಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಹೇಳುವುದೇನೂ ಇಲ್ಲವೆಂದು ಭಾವಿಸಿ, ಹಡಗು ಹತ್ತಿತು ಎಂಬ ಸುಂಕಲಮ್ಮನವರ ಹೇಳಿಕೆಯನ್ನೇ ಅಂತಿಮವೆಂದು ಪರಿಗಣಿಸಲಾಗುವುದು.

ಸಹಿ/-
ವಿರುಪಾಕ್ಷಪ್ಪ
ತರಬೇತಿ ಅಧಿಕಾರಿ
(ಈ ಸುತ್ತೋಲೆ ಮಾನ್ಯ ಅಧ್ಯಕ್ಷರ ಮೇಜು ತಲುಪುವವರೆಗೆ)

ಪ್ರತಿಗಳು:
1. ತನಿಖಾ ತಂಡದ ಮುಖ್ಯಸ್ಥರಿಗೆ: ಗುಡ್ಡದ ಕಾಗದಗಳನ್ನೆಲ್ಲ ಕಳುಹಿಸಬೇಕೆಂಬ, ಕೇಳಲು ಬರಬಾರದೆಂಬ ಮಾನ್ಯ ಅಧ್ಯಕ್ಷರ ಆದೇಶದನ್ವಯ, ಪಂಚನಾಮೆ ಸಹಿತ, ಖುದ್ದಾಗಿ.
2. ಮಾನ್ಯ ಅಧ್ಯಕ್ಷರಿಗೆ: ಮಾಹಿತಿಗಾಗಿ, ಸಾಧಾರಣ ಅಂಚೆಯಲ್ಲಿ.
3. ಸೂಚನಾ ಫಲಕಕ್ಕೆ: ಟೈರ್ ಅಂಗಡಿಯ ಗಿರಾಕಿಗಳಿಗೂ ಕಾಣುವಂತೆ.
4. ಶ್ರೀಮತಿ ಸುಂಕಲಮ್ಮ, ಗೂಗಿಗುಡ್ಡ ಹಟ್ಟಿ, ಇವರಿಗೆ: ಓದಿ ಹೇಳುವವರು, ಕ್ಯಾಪ್ಟನ್ ಪಲ್ಲವಿ.